ಪಾಠಕ್ಕೆ ಮುನ್ನ: ಬಾರಾಮಹಲ್ ಸೀಮೆಯಲ್ಲಿ ಬೋಧನಾ ಸಿದ್ಧತೆಯ ಚರಿತ್ರೆ

1

ಪಾಪಿರೆಡ್ಡಿಪಟ್ಟಿ ಎಂಬ ಊರಿನ ಹೆಸರೇ ಎರಡು ಭಾಷೆಗಳ ಕೂಡಿಕೆ. ‘ರೆಡ್ಡಿ’ ತೆಲುಗು ಸಮಾಜದ ಉಪಾಧಿ. ‘ಪಟ್ಟಿ’ ತಮಿಳುನಾಡಿನ ಅಸಂಖ್ಯ ಊರುಗಳ ಹೆಸರಿನ ಕೊನೆಯಲ್ಲಿ ಬರುವ ಗ್ರಾಮವಾಚಿ. ಸೇರ್ವರಾಯನ್ ಬೆಟ್ಟಗಳ ತಪ್ಪಲಿನ ಈ ಸೀಮೆ 1965ರವರೆಗೆ ಸೇಲಂ ಜಿಲ್ಲೆಗೆ ಸೇರಿತ್ತು. ಆ ವರ್ಷ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಅದರಿಂದ ಬೇರ್ಪಟ್ಟಿತು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ತಮಿಳಿನ ಜೊತೆಗೆ ತೆಲುಗು, ಕನ್ನಡ, ಉರ್ದು ಮನೆಮಾತುಗಳು ಈ ಭಾಗದಲ್ಲಿ ಉಳಿದುಬಂದಿವೆ. ಇಂಥ ಸೀಮೆಯಲ್ಲಿ ಪಾಠ ಹೇಳಲು ನಿಂತವನು ಬಾಯಿ ತೆರೆಯುವ ಮುನ್ನವೇ ಒಂದು ಪ್ರಶ್ನೆಯನ್ನು ಇತ್ಯರ್ಥಪಡಿಸಿಕೊಳ್ಳಬೇಕಾಗುತ್ತದೆ: ಎದುರಿಗಿರುವವರ ಕಿವಿ ಯಾವ ಭಾಷೆಯದು?

ಬೋಧನೆಗೆ ಪೂರ್ವಸಿದ್ಧತೆ ಬೇಕೆಂಬ ಅರಿವು ಆಧುನಿಕ ಶಿಕ್ಷಕ ತರಬೇತಿಯೊಂದಿಗೆ ಬಂದಿತೆಂಬ ಗ್ರಹಿಕೆ ಶಿಕ್ಷಣ ಚರಿತ್ರೆಯ ಬರವಣಿಗೆಯಲ್ಲಿ ಬೇರೂರಿದೆ. ಅದಕ್ಕಿಂತ ಹಿಂದಿನ ಜಗುಲಿ ಶಾಲೆಯಲ್ಲಿ ಬಾಯಿಪಾಠವಲ್ಲದೆ ಬೇರೇನೂ ಇರಲಿಲ್ಲವೆಂದು ಒಂದು ಪಕ್ಷ ಹೇಳಿದರೆ, ಅಲ್ಲಿ ಎಲ್ಲವೂ ಇತ್ತೆಂದು ಇನ್ನೊಂದು ಪಕ್ಷ ಹೇಳುತ್ತದೆ. ಬಾರಾಮಹಲ್ ಹಾಗೂ ಅದರ ಸುತ್ತಣ ಬಹುಭಾಷಾ ಸೀಮೆಗಳ ದಾಖಲೆಗಳು ಈ ಎರಡೂ ನಿಲುವುಗಳಿಗೆ ಪೂರ್ತಿ ಒಲಿಯುವುದಿಲ್ಲ. ಸಿದ್ಧತೆ ಹಿಂದೆಯೂ ಇತ್ತು; ಆದರೆ ಅದು ಬರಹದಲ್ಲಿರಲಿಲ್ಲ, ಒಂದೇ ಕಡೆಯೂ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಬರಹಕ್ಕೆ ಇಳಿದಾಗ, ಕೇಳುವವನ ಭಾಷೆಯೆಂಬ ಅಂಶ ಮಾತ್ರ ಹೊರಗೆ ಉಳಿಯಿತು. ಗಡಿನಾಡಿನ ಕನ್ನಡ ಬೋಧನೆ ಇಂದು ಎದುರಿಸುತ್ತಿರುವ ತೊಡಕುಗಳಲ್ಲಿ ಒಂದರ ಬೇರು ಇಲ್ಲಿದೆ.

ಕೇಳುವವನನ್ನು ಅಳೆದು ಮಾತು ಸಿದ್ಧಪಡಿಸುವ ಕಲೆಗೆ ಈ ನೆಲದಲ್ಲಿ ಬಹು ಹಳೆಯ ನಿದರ್ಶನವಿದೆ. ಧರ್ಮಪುರಿಯ ಪ್ರಾಚೀನ ಹೆಸರು ತಗಡೂರು. ಸಂಗಂ ಸಾಹಿತ್ಯದ ಅದಿಯಮಾನ್ ನೆಡುಮಾನ್ ಅಂಜಿ ಅಲ್ಲಿಯ ಒಡೆಯ. ಅವನ ಪರವಾಗಿ ಅವ್ವೈಯಾರ್ ತೊಂಡೈಮಾನನ ಬಳಿಗೆ ದೂತಿಯಾಗಿ ಹೋದ ಸಂದರ್ಭವನ್ನು ಪುರನಾನೂರು ಉಳಿಸಿಕೊಂಡಿದೆ. ತೊಂಡೈಮಾನ್ ತನ್ನ ಆಯುಧಶಾಲೆಯನ್ನು ತೋರಿಸುತ್ತಾನೆ. ಆಕೆ ಬೆದರಿಸುವುದಿಲ್ಲ, ವಾದಿಸುವುದೂ ಇಲ್ಲ. ಅವನ ಆಯುಧಗಳು ಹೊಳಪು ಕೆಡದೆ ಅಲಂಕೃತವಾಗಿರುವುದನ್ನು ಹೊಗಳಿ, ತನ್ನ ಒಡೆಯನವು ಮುರಿದು ಕಮ್ಮಾರನ ಕೊಟ್ಟಿಗೆಯಲ್ಲಿ ಬಿದ್ದಿರುವುದನ್ನು ಸುಮ್ಮನೆ ಹೇಳುತ್ತಾಳೆ. ಯಾವುದು ಬಳಕೆಯಾದ ಆಯುಧ, ಯಾವುದು ಬಳಕೆಯಾಗದ್ದು ಎಂಬ ತೀರ್ಮಾನವನ್ನು ಕೇಳುವವನಿಗೇ ಬಿಡುತ್ತಾಳೆ. ಆ ಮಾತಿನ ಪರಿಣಾಮವೆಲ್ಲ ತೊಂಡೈಮಾನನಿಗೆ ಆಗಲೇ ಏನು ಗೊತ್ತಿತ್ತೆಂಬುದನ್ನು ಆಧರಿಸಿದೆ.

2

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳು ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದವು. ಅಲೆಗ್ಸಾಂಡರ್ ರೀಡ್ ಅವುಗಳ ಮೇಲ್ವಿಚಾರಕನಾದ. ಅವನ ಸಹಾಯಕರಲ್ಲಿ ಒಬ್ಬನಾದ ಥಾಮಸ್ ಮನ್ರೋ 1799ರವರೆಗೆ ಇಲ್ಲಿದ್ದು, ಧರ್ಮಪುರಿಯಲ್ಲಿಯೂ ನೆಲೆಸಿದ್ದ. ಬಳಿಕ ಕೆನರಾ, ಆಮೇಲೆ ಬಳ್ಳಾರಿ ಸೇರಿದ್ದ ದತ್ತಮಂಡಲಗಳು, ಕಡೆಗೆ 1820ರಿಂದ ಮದರಾಸಿನ ಗವರ್ನರ್ ಹುದ್ದೆ. ಹೀಗೆ ಕನ್ನಡವು ತಮಿಳು, ತುಳು, ತೆಲುಗುಗಳೊಡನೆ ಬೆರೆಯುವ ಮೂರು ಸೀಮೆಗಳನ್ನು ಕಂಡಿದ್ದ ಅಧಿಕಾರಿ 1822ರ ಜೂನ್‌ನಲ್ಲಿ ಪ್ರಾಂತದ ದೇಶೀಯ ಶಾಲೆಗಳ ಲೆಕ್ಕ ಕೇಳಿದ.

ಕಲೆಕ್ಟರರಿಂದ ಬಯಸಿದ ವಿವರಗಳು ಇವು: ಶಾಲೆಗಳ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ ಮತ್ತು ಜಾತಿ, ಓದುವ ಪುಸ್ತಕಗಳ ಹೆಸರು, ಕಲಿಕೆಯ ಅವಧಿ, ಕೊಡುವ ಶುಲ್ಕ, ದತ್ತಿ ಇದ್ದರೆ ಅದರ ಮಾಹಿತಿ. ಯಾವ ಪುಸ್ತಕ ಎಂದು ಕೇಳಲಾಯಿತೇ ಹೊರತು ಅದನ್ನು ಹೇಗೆ ಹೇಳಿಕೊಡುತ್ತಾರೆ, ಯಾವ ಮಾತಿನಲ್ಲಿ ವಿವರಿಸುತ್ತಾರೆ ಎಂದು ಕೇಳಲಿಲ್ಲ. ಬೋಧನೆಯ ಕ್ರಮಕ್ಕೆ ಆ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಸೇಲಂ ಜಿಲ್ಲೆಯಿಂದ ಹೋದ ಲೆಕ್ಕದಲ್ಲಿ 333 ಶಾಲೆಗಳೂ ಉನ್ನತ ವಿದ್ಯೆಯ 53 ಪಾಠಶಾಲೆಗಳೂ ಇವೆ. ಆ ಪಾಠಶಾಲೆಗಳಲ್ಲಿ 324 ವಿದ್ಯಾರ್ಥಿಗಳು. ಎಂದರೆ ಒಂದೊಂದರಲ್ಲಿ ಸರಾಸರಿ ಆರು ಮಂದಿ. ಗುರು ಪ್ರತಿಯೊಬ್ಬ ಶಿಷ್ಯನ ಮಟ್ಟವನ್ನೂ ಪ್ರತ್ಯೇಕವಾಗಿ ಬಲ್ಲ ಗಾತ್ರವಿದು. ಆದರೆ ಆ ಬಲ್ಮೆಯನ್ನು ಅವನು ಪಾಠವಾಗಿ ಮಾರ್ಪಡಿಸುತ್ತಿದ್ದ ಬಗೆಯನ್ನು ಈ ಅಂಕಿಗಳಿಂದ ತಿಳಿಯಲಾಗದು.

ಇದಕ್ಕಿಂತಲೂ ಸೂಚಕವಾದದ್ದು ಕೆನರಾದ ಉತ್ತರ. ಇಂದಿನ ಕಾಸರಗೋಡು ಆಗ ಆ ಜಿಲ್ಲೆಯ ಭಾಗ. ಅಲ್ಲಿಯ ಕಲೆಕ್ಟರ್ ನಮೂನೆಯನ್ನು ಭರ್ತಿ ಮಾಡಲಿಲ್ಲ. ತನ್ನ ಜಿಲ್ಲೆಯಲ್ಲಿ ಕಲಿಕೆ ಬಹುಪಾಲು ಮನೆಗಳಲ್ಲಿಯೇ ನಡೆಯುವುದರಿಂದ ಅಂಥ ಲೆಕ್ಕ ದಾರಿ ತಪ್ಪಿಸುತ್ತದೆಂದು ಬರೆದ. ಹೀಗಾಗಿ ಪ್ರಾಂತದ ಒಟ್ಟು ಲೆಕ್ಕವಾದ 12,498 ಶಾಲೆಗಳಲ್ಲಿ, 1,88,650 ವಿದ್ಯಾರ್ಥಿಗಳಲ್ಲಿ ಕೆನರಾದ ಪಾಲಿಲ್ಲ. ಎಣಿಕೆಗೆ ಸಿಗದ ವಿದ್ಯೆ ಅಲ್ಲಿ ಇರಲಿಲ್ಲವೆಂದಲ್ಲ. ತಾಳಮದ್ದಲೆಯಂಥ ಉನ್ನತ ವಾಗ್ಮಿತೆಯ ಕಲೆ ಬೆಳೆದದ್ದು ಇದೇ ಕರಾವಳಿಯ ಮನೆ, ದೇವಸ್ಥಾನಗಳ ಚಾವಡಿಗಳಲ್ಲಿ.

3

ಕಾಲಂ ಇಲ್ಲದಿದ್ದರೂ ಬೋಧನೆಯ ಕ್ರಮವನ್ನು ತಾನಾಗಿಯೇ ವಿಸ್ತಾರವಾಗಿ ಬರೆದವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. ಅವನು ತೆಲುಗು ವ್ಯಾಕರಣವೊಂದನ್ನು ರಚಿಸಿದ್ದವನು. ಭಾಷೆಯ ಒಳಮಟ್ಟಗಳನ್ನು ಗುರುತಿಸಬಲ್ಲ ಕಿವಿ ಅವನಿಗಿತ್ತು. 1823ರ ಆಗಸ್ಟ್ 17ರ ಅವನ ವರದಿಯ ಪ್ರಕಾರ ಜಿಲ್ಲೆಯ 533 ವಿದ್ಯಾಸಂಸ್ಥೆಗಳಲ್ಲಿ 235 ಕನ್ನಡದವು, 226 ತೆಲುಗಿನವು, 23 ಮರಾಠಿಯವು, 23 ಸಂಸ್ಕೃತದವು, 21 ಪಾರ್ಸಿಯವು, 4 ತಮಿಳಿನವು, ಒಂದು ಇಂಗ್ಲಿಷಿನದು. ಬಳ್ಳಾರಿ ಬಾರಾಮಹಲ್ ಅಲ್ಲ. ಆದರೂ ಒಂದೇ ಪ್ರಾಂತದ, ಒಂದೇ ಆದೇಶಕ್ಕೆ ಉತ್ತರಿಸಿದ, ಅಂಥದೇ ಭಾಷಾ ಮಿಶ್ರಣದ ಜಿಲ್ಲೆ ಅದಾದ್ದರಿಂದ ಕೂಲಿಮಠದ ಒಳನೋಟಕ್ಕೆ ಈ ವರದಿ ಉತ್ತಮ ಆಧಾರ.

ಆ ಚಿತ್ರದಲ್ಲಿ ಸಿದ್ಧತೆಯ ಅಂಶಗಳು ಸ್ಪಷ್ಟವಾಗಿವೆ. ಮೊದಲನೆಯದು ಆರಂಭದ ಕ್ರಮ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ಅಲ್ಲಿಂದ ಮುಂದೆ ಬಂದವರಿಗೆ ಏಟುಗಳ ಏರಿಕೆ. ಇದರ ನ್ಯಾಯಾನ್ಯಾಯ ಬೇರೆ ಮಾತು. ಪಾಠಕ್ಕೆ ಮುನ್ನ ಗಮನವನ್ನು ಒಂದೆಡೆ ತರಬೇಕೆಂಬ ತಿಳಿವು ಇದರಲ್ಲಿದೆ. ಎರಡನೆಯದು ಸಾಮಗ್ರಿಯ ಶ್ರೇಣಿ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಆಮೇಲೆ ಅನ್ನದ ಅಂಟು ಮತ್ತು ಇದ್ದಲ ಪುಡಿ ಬಳಿದ ಹಲಗೆ, ಗಂಜಿ ಹಾಕಿ ಗಟ್ಟಿಮಾಡಿದ ಬಟ್ಟೆಯನ್ನು ಮಡಿಸಿ ಕರಿಬಳಿದ ಕಡತ, ಅದರ ಮೇಲೆ ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಹಲಗೆಯೂ ಕಡತವೂ ಮರುಬಳಕೆಗೆ ಸಿದ್ಧ. ಮೂರನೆಯದು ವಿಂಗಡಣೆ. ವಿದ್ಯಾರ್ಥಿಗಳನ್ನು ಅವರವರ ಮಟ್ಟಕ್ಕೆ ತಕ್ಕಂತೆ ವರ್ಗಗಳಾಗಿ ಮಾಡಿ, ಕೆಳವರ್ಗವನ್ನು ಮೇಲಿನವರಲ್ಲಿ ಬಲ್ಲವನಿಗೆ ಒಪ್ಪಿಸಲಾಗುತ್ತಿತ್ತು. ತಮಿಳು ಸೀಮೆಯ ತಿಣ್ಣೈ ಪಳ್ಳಿಕ್ಕೂಡಗಳಲ್ಲಿ ಈ ಹುಡುಗನಿಗೆ ಚಟ್ಟಾಂಪಿಳ್ಳೈ ಎಂದು ಹೆಸರು. ಹೇಳಿಕೊಡುವವನ ಕಲಿಕೆಯೂ ಹೇಳಿಕೊಡುವುದರಿಂದಲೇ ಗಟ್ಟಿಯಾಗುತ್ತದೆಂಬುದನ್ನು ಕ್ಯಾಂಪ್‌ಬೆಲ್ ಮೆಚ್ಚುಗೆಯಿಂದ ಗುರುತಿಸುತ್ತಾನೆ.

ಆದರೆ ಅದೇ ವರದಿಯಲ್ಲಿ ಒಂದು ಗಂಭೀರ ಆಕ್ಷೇಪವೂ ಇದೆ. ತೆಲುಗು, ಕನ್ನಡ ಶಾಲೆಗಳಲ್ಲಿ ಓದಿಸುವ ಗ್ರಂಥಗಳು ಪದ್ಯರೂಪದವು. ಅವುಗಳ ಭಾಷೆ ಆಡುಮಾತಿನಿಂದ ದೂರವಾದದ್ದು. ಲಿಪಿ ಒಂದೇ ಆದ್ದರಿಂದ ಓದಲು ಬರುತ್ತದೆ, ಅರ್ಥ ಮಾತ್ರ ಬರುವುದಿಲ್ಲ. ವಿದ್ಯಾರ್ಥಿಗಳಿರಲಿ, ಅನೇಕ ಗುರುಗಳಿಗೂ ವಿವರಿಸಲು ಆಗುವುದಿಲ್ಲವೆಂದು ಅವನು ಹೇಳುತ್ತಾನೆ. ದೇಶೀಯ ಶಿಕ್ಷಣದ ಅವನತಿಗೆ ಜನರ ಬಡತನವನ್ನೂ ಸರ್ಕಾರದ ನೆರವಿಲ್ಲದಿರುವುದನ್ನೂ ನಿಷ್ಠುರವಾಗಿ ಹೆಸರಿಸಿದವನೇ ಹೇಳಿದ ಮಾತಾದ್ದರಿಂದ ಇದನ್ನು ವಸಾಹತು ತಾತ್ಸಾರವೆಂದು ತಳ್ಳಿಹಾಕುವುದು ಸುಲಭವಲ್ಲ. ಕೂಲಿಮಠದ ಸಿದ್ಧತೆ ಕ್ರಮ, ಲಯ, ನೆನಪುಗಳ ಸಿದ್ಧತೆಯಾಗಿತ್ತು. ಅರ್ಥದ ಸಿದ್ಧತೆ ಅಲ್ಲಿ ದುರ್ಬಲವಾಗಿತ್ತು.

4

ಹಾಗಾದರೆ ಅರ್ಥವನ್ನು ಸಿದ್ಧಪಡಿಸುವ ಕೆಲಸ ಎಲ್ಲಿ ನಡೆಯುತ್ತಿತ್ತು? ಅದಕ್ಕೆ ಉತ್ತರ ಶಾಲೆಯ ಹೊರಗಿದೆ. ಗಮಕ ವಾಚನದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದನ್ನು ಆಡುಮಾತಿನಲ್ಲಿ ವ್ಯಾಖ್ಯಾನಿಸುತ್ತಾರೆ. ಕುಮಾರವ್ಯಾಸನ ಭಾಮಿನಿಯೂ ಲಕ್ಷ್ಮೀಶನ ವಾರ್ಧಕವೂ ಅಕ್ಷರ ಬಾರದ ಮನೆಗಳವರೆಗೆ ತಲುಪಿದ್ದರಲ್ಲಿ ಈ ಎರಡು ದನಿಗಳ ಏರ್ಪಾಟಿನ ಪಾಲು ದೊಡ್ಡದು. ವ್ಯಾಖ್ಯಾನಕಾರನ ಸಿದ್ಧತೆ ಎಂದರೆ ಪದ್ಯದ ಅನ್ವಯವನ್ನು ಬಿಡಿಸಿಟ್ಟುಕೊಳ್ಳುವುದಷ್ಟೇ ಅಲ್ಲ. ಎಲ್ಲಿ ನಿಲ್ಲಿಸಬೇಕು, ಯಾವ ಪದವನ್ನು ಬಿಡಿಸಬೇಕು, ಯಾವುದನ್ನು ಬಿಡಿಸದೆ ಕಿವಿಯ ಮೇಲೆ ಹಾಯಿಸಿಬಿಡಬೇಕು, ಈ ಊರಿನ ಯಾವ ಸಂಗತಿ ಹೋಲಿಕೆಗೆ ಒದಗುತ್ತದೆ ಎಂಬ ನಿರ್ಧಾರಗಳೂ ಅದರಲ್ಲಿ ಸೇರುತ್ತವೆ. ಅವನ್ನು ಮಾಡಬೇಕಾದರೆ ಸಭೆಯ ಪರಿಚಯವಿರಬೇಕು.

ತಾಳಮದ್ದಲೆ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಭಾಗವತರು ಹಾಡುವ ಪ್ರಸಂಗದ ಪದ್ಯ ಮಾತ್ರ ಸಿದ್ಧ ಪಠ್ಯ. ಅರ್ಥಧಾರಿಯ ಮಾತಿಗೆ ಬರೆದ ಪ್ರತಿ ಇಲ್ಲ. ಎದುರು ಅರ್ಥಧಾರಿ ಏನು ಕೇಳುತ್ತಾನೆಂಬುದೂ ಮುಂಚಿತವಾಗಿ ಪೂರ್ತಿ ತಿಳಿದಿರುವುದಿಲ್ಲ. ಹೀಗಿದ್ದೂ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತನ್ನು ಯಾರೂ ಪೂರ್ವಸಿದ್ಧತೆ ಇಲ್ಲದ ಮಾತು ಎನ್ನಲಾರರು. ಪುರಾಣದ ಮೂಲಗಳ ಓದು, ಪಾತ್ರದ ನಿಲುವಿನ ನಿಷ್ಕರ್ಷೆ, ಬರಬಹುದಾದ ಆಕ್ಷೇಪಗಳ ಊಹೆ, ಪದ್ಯದ ಪರಿಮಿತಿಯೊಳಗೆ ಮಾತನ್ನು ಮುಗಿಸುವ ಎಚ್ಚರ, ಇವೆಲ್ಲ ಸೇರಿ ಆ ಸಿದ್ಧತೆ. ಅದು ವಾಕ್ಯಗಳನ್ನು ಮೊದಲೇ ಕಟ್ಟಿಡುವುದಿಲ್ಲ. ವಾಕ್ಯಗಳು ರಂಗದಲ್ಲಿಯೇ, ಕೇಳುಗರೆದುರಿಗೇ ಹುಟ್ಟುವಂತೆ ಮನಸ್ಸನ್ನು ಅಣಿಗೊಳಿಸುತ್ತದೆ.

ಹೀಗೆ ಬೋಧನೆಯ ಎರಡು ಅರ್ಧಗಳು ಎರಡು ಕಡೆ ಹಂಚಿಹೋಗಿದ್ದವು. ಅನುಕ್ರಮವೂ ಪುನರಾವರ್ತನೆಯೂ ಕೂಲಿಮಠದಲ್ಲಿ. ಅರ್ಥವೂ ಸಭೆಯ ಅಳತೆಯೂ ಗಮಕಿಯ ಜಗುಲಿಯಲ್ಲಿ, ಅರ್ಥಧಾರಿಯ ಚಾವಡಿಯಲ್ಲಿ. ಶಾಲೆಯನ್ನು ಮಾತ್ರ ನೋಡಿದ ಅಧಿಕಾರಿಗೆ ಮೊದಲ ಅರ್ಧ ಕಂಡಿತು. ಎರಡನೆಯ ಅರ್ಧ ಎಲ್ಲಾ ಜಾತಿಗಳಿಗೂ ಎಲ್ಲಾ ಮನೆಗಳಿಗೂ ಸಮನಾಗಿ ಎಟುಕುತ್ತಿತ್ತೆಂದು ಭಾವಿಸುವುದೂ ತಪ್ಪಾಗುತ್ತದೆ. ಜಗುಲಿಗೆ ಯಾರು ಹತ್ತಬಹುದು ಎಂಬ ನಿಯಮ ಜಗುಲಿಯಷ್ಟೇ ಹಳೆಯದು.

5

ಕೂಲಿಮಠದ ಮೊದಲ ಅರ್ಧ ಸಮುದ್ರ ದಾಟಿ ಹೋಗಿ ಬೇರೆ ರೂಪದಲ್ಲಿ ಹಿಂತಿರುಗಿತು. ಮದರಾಸಿನ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು, ಹಿರಿಯ ಹುಡುಗರಿಂದ ಕಿರಿಯರಿಗೆ ಕಲಿಸುವ ಕ್ರಮವನ್ನು ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಆದರೆ ಆರು ಹುಡುಗರ ಪಾಠಶಾಲೆಯಲ್ಲಿ ಪರಸ್ಪರ ಪರಿಚಯದ ಮೇಲೆ ನಿಂತಿದ್ದ ಕ್ರಮ, ನೂರಾರು ಬಡಮಕ್ಕಳ ಸಭಾಂಗಣದಲ್ಲಿ ಕಡಿಮೆ ಖರ್ಚಿನ ಯಂತ್ರವಾಯಿತು.

ಮನ್ರೋ 1826ರ ಮಾರ್ಚ್‌ನ ತನ್ನ ಟಿಪ್ಪಣಿಯಲ್ಲಿ ಗುರುಗಳ ಗಳಿಕೆ ತಿಂಗಳಿಗೆ ಆರೇಳು ರೂಪಾಯಿ ಮೀರುವುದಿಲ್ಲವೆಂದೂ ಅಷ್ಟಕ್ಕೆ ಯೋಗ್ಯರು ಈ ವೃತ್ತಿಗೆ ಬರಲಾರರೆಂದೂ ಬರೆದು, ಮದರಾಸಿನಲ್ಲಿ ಗುರುಗಳನ್ನು ತಯಾರುಮಾಡುವ ಶಾಲೆಯನ್ನೂ ಜಿಲ್ಲೆ, ತಾಲ್ಲೂಕು ಮಟ್ಟದ ಶಾಲೆಗಳನ್ನೂ ಸೂಚಿಸಿದ. ಮರುವರ್ಷ ಅವನು ತೀರಿಕೊಂಡ. ಯೋಜನೆಯೂ ಹೆಚ್ಚು ಕಾಲ ಬಾಳಲಿಲ್ಲ. 1854ರ ವುಡ್ ನಿರೂಪದ ಬಳಿಕ, 1856ರಲ್ಲಿ ಮದರಾಸಿನಲ್ಲಿ ಸರ್ಕಾರಿ ನಾರ್ಮಲ್ ಶಾಲೆ ಆರಂಭವಾಯಿತು. ಮುಂದೆ ಸೈದಾಪೇಟೆಯ ಶಿಕ್ಷಕರ ಕಾಲೇಜಾಗಿ ಪ್ರಸಿದ್ಧವಾದದ್ದು ಇದೇ.

ತರಬೇತಿಯ ಲೋಕಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪಾಠದ ಹಂತಗಳನ್ನು ಒದಗಿಸಿದ್ದು ಜರ್ಮನ್ ಚಿಂತಕ ಹರ್ಬಾರ್ಟನ ಪರಂಪರೆ. ಅವನ ಅನುಯಾಯಿಗಳಾದ ಝಿಲ್ಲರ್, ರೈನ್ ಮುಂತಾದವರು ರೂಪಿಸಿದ ಐದು ಹಂತಗಳು ಸಿದ್ಧತೆ, ನಿರೂಪಣೆ, ಸಂಯೋಜನೆ, ಸಾಮಾನ್ಯೀಕರಣ, ಅನ್ವಯ. ಇಲ್ಲಿ ಮೊದಲ ಹಂತವಾದ ‘ಸಿದ್ಧತೆ’ ಶಿಕ್ಷಕನ ಸಿದ್ಧತೆಯಲ್ಲವೆಂಬುದು ಗಮನಾರ್ಹ. ಅದು ಕಲಿಯುವವನ ಮನಸ್ಸಿನ ಸಿದ್ಧತೆ. ಅವನಲ್ಲಿ ಆಗಲೇ ಇರುವ ತಿಳಿವನ್ನು ಎಬ್ಬಿಸಿ, ಹೊಸ ವಿಷಯ ಅದಕ್ಕೆ ಅಂಟಿಕೊಳ್ಳುವಂತೆ ಮಾಡುವ ಕೆಲಸ. ವ್ಯಾಖ್ಯಾನಕಾರನು ಸಭೆಯನ್ನು ಅಳೆಯುವುದಕ್ಕೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಕೇಳುವವನಲ್ಲಿ ಇರುವುದರ ಮೇಲೆಯೇ ಹೊಸದನ್ನು ಕಟ್ಟಬೇಕೆಂಬ ತಿಳಿವು ಎರಡಕ್ಕೂ ಸಮಾನ.

ಬಳಕೆಗೆ ಬಂದಾಗ ಈ ಹಂತ ಕಿರಿದಾಯಿತು. ಪಾಠಟಿಪ್ಪಣಿ ಎಂಬುದು ತನಿಖಾಧಿಕಾರಿಗೆ ತೋರಿಸಬೇಕಾದ ದಾಖಲೆಯಾದಾಗ, ಸಿದ್ಧತೆಯ ಜಾಗದಲ್ಲಿ ಎರಡು ಪೀಠಿಕಾ ಪ್ರಶ್ನೆಗಳು ಕುಳಿತವು. ಟಿಪ್ಪಣಿಗೆ ಉದ್ದೇಶ, ಉಪಕರಣ, ಅವಧಿ, ಮೌಲ್ಯಮಾಪನಗಳ ಅಂಕಣಗಳು ದೊರೆತವು. ಮಕ್ಕಳ ಮನೆಮಾತಿಗೆ ಅಂಕಣ ದೊರೆಯಲಿಲ್ಲ. 1822ರ ನಮೂನೆಯಲ್ಲಿ ಬೋಧನೆಗೆ ಸ್ಥಾನವಿರಲಿಲ್ಲ, ನಂತರದ ಟಿಪ್ಪಣಿಯಲ್ಲಿ ಬೋಧನೆಗೆ ಸ್ಥಾನವಿದ್ದರೂ ಕೇಳುವವನಿಗೆ ಇರಲಿಲ್ಲ. ತರಗತಿಯೆಲ್ಲ ಒಂದೇ ಭಾಷೆಯದೆಂಬ ಊಹೆ ಆ ಅಂಕಣಗಳ ಹಿಂದಿತ್ತು.

6

ಈ ಊಹೆಯ ಬೆಲೆ ತಿಳಿದುಬಂದದ್ದು ಭಾಷಾವಾರು ಪ್ರಾಂತಗಳ ರಚನೆಯ ಹೊತ್ತಿನಲ್ಲಿ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ತಾಯ್ನುಡಿಯಲ್ಲಿ ಬೋಧಿಸಲು ಶಿಕ್ಷಕನನ್ನು ಒದಗಿಸಬೇಕೆಂದು 1949ರಲ್ಲಿ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ತೀರ್ಮಾನಿಸಿತ್ತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಅನುಕೂಲ ಕಲ್ಪಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯಿದೆ 2006-07ರಲ್ಲಿ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಮೊದಲ ಭಾಗದ ಕಡ್ಡಾಯ ವಿಷಯವಾಗಿಸಿತು. ಭಾಷಾ ಅಲ್ಪಸಂಖ್ಯಾತರ ಆಕ್ಷೇಪಗಳು ನ್ಯಾಯಾಲಯಗಳನ್ನು ಮುಟ್ಟಿದವು.

ಈ ಚರ್ಚೆಯೆಲ್ಲ ಯಾವ ಭಾಷೆಯನ್ನು ಕಲಿಸಬೇಕು, ಯಾರು ಕಲಿಸಬೇಕು ಎಂಬುದರ ಸುತ್ತ ನಡೆದಿದೆ. ನ್ಯಾಯದ ದೃಷ್ಟಿಯಿಂದ ಅದು ಅಗತ್ಯ. ಆದರೆ ಹಕ್ಕು ದೊರೆತ ಮೇಲೂ ಒಂದು ಗಂಟೆಯ ಪಾಠ ಉಳಿದೇ ಇರುತ್ತದೆ. ಹೊಸೂರು, ತಾಳವಾಡಿ ಕಡೆಯ ಕನ್ನಡ ತರಗತಿಯಲ್ಲಿ ಕುಳಿತ ಮಗುವಿನ ಬೀದಿಮಾತು ತಮಿಳು. ಬೆಂಗಳೂರಿನ ಮಗುವಿಗಾಗಿ ಬರೆದ ಪಾಠ, ಆ ಮಗುವಿನ ಪೂರ್ವಜ್ಞಾನವನ್ನೇ ಊಹಿಸಿಕೊಂಡ ಟಿಪ್ಪಣಿ ಇಲ್ಲಿ ಸಾಲುವುದಿಲ್ಲ. ಇಲ್ಲಿಯ ಮಗುವಿಗೆ ಕನ್ನಡ ಕಡಿಮೆ ಬರುತ್ತದೆಂಬುದು ಅರ್ಧಸತ್ಯ. ಅದಕ್ಕೆ ಬರುವುದರಲ್ಲಿ ಕನ್ನಡದ ಪಾಠಕ್ಕೆ ಒದಗುವಂಥದು ಬೇರೆ ಇದೆ.

ಹಳಗನ್ನಡದ ಪಾಠವನ್ನೇ ನೋಡಬಹುದು. ಧರ್ಮಪುರಿಯಲ್ಲಿ ದೊರೆತ ನೊಳಂಬ ಮಹೇಂದ್ರನ ಕಾಲದ, ಶಕ 815ರ, ಎಂದರೆ ಕ್ರಿ.ಶ. 893ರ ಕನ್ನಡ ಶಾಸನ ತಗಡೂರಿನಲ್ಲಿ ನಿಧಿಯಣ್ಣ, ಚಂದಿಯಣ್ಣ ಎಂಬವರು ಬಸದಿ ಕಟ್ಟಿಸಿದ್ದನ್ನೂ ಅದಕ್ಕಾಗಿ ಮೂಲಪಳ್ಳಿ ಎಂಬ ಊರು ಕನಕಸೇನ ಸಿದ್ಧಾಂತ ಭಟಾರರಿಗೆ ಸಂದದ್ದನ್ನೂ ದಾಖಲಿಸುತ್ತದೆ. ಆ ಊರಿನ ಹೆಸರಿನ ‘ಪಳ್ಳಿ’ ಇಂದಿನ ಕನ್ನಡದಲ್ಲಿ ‘ಹಳ್ಳಿ’. ಹತ್ತನೆಯ ಶತಮಾನದಿಂದೀಚೆಗೆ ಪದಾದಿಯ ಪಕಾರ ಹಕಾರಕ್ಕೆ ತಿರುಗುತ್ತ ಬಂದು ನಡುಗನ್ನಡದಲ್ಲಿ ನೆಲೆಯಾಯಿತು. ಮೈಸೂರಿನ ವಿದ್ಯಾರ್ಥಿಗೆ ಪಾಲ್, ಪುಲಿ, ಪೂ, ಪತ್ತು ಎಂಬ ರೂಪಗಳು ಹೊಸದಾಗಿ ಕಲಿಯಬೇಕಾದವು. ಧರ್ಮಪುರಿಯ ಮಗು ಅವನ್ನು ತಮಿಳಿನಲ್ಲಿ ದಿನವೂ ಆಡುತ್ತದೆ. ಕನ್ನಡದ ಹಾಲು, ಹುಲಿ, ಹೂ, ಹತ್ತುಗಳನ್ನು ಅದರ ಮುಂದಿಟ್ಟು, ಎರಡರ ನಡುವೆ ಶಾಸನದ ರೂಪವನ್ನು ತೋರಿಸಿದರೆ ಬೇರೆಡೆ ಕಷ್ಟವಾಗುವ ಪಾಠ ಇಲ್ಲಿ ಸುಲಭ. ಕನ್ನಡ ಕಳೆದುಕೊಂಡ ೞಕಾರವನ್ನೂ ಈ ಮಗುವಿನ ನಾಲಗೆ ಬಲ್ಲದು.

ಅಂಥ ಸಿದ್ಧತೆಯಲ್ಲಿ ಎಚ್ಚರದ ಜಾಗಗಳೂ ಇವೆ. ‘ಮಾಡು’ ಎಂದರೆ ಕನ್ನಡದಲ್ಲಿ ಕ್ರಿಯೆ, ತಮಿಳಿನ ಕಿವಿಗೆ ದನ. ‘ಪಳ್ಳಿ’ ಕನ್ನಡದಲ್ಲಿ ಹಳ್ಳಿಯಾಗಿ ಊರಿನ ಅರ್ಥದಲ್ಲಿ ನಿಂತರೆ, ತಮಿಳಿನಲ್ಲಿ ಜೈನ, ಬೌದ್ಧ ನೆಲೆಗಳ ಅರ್ಥದ ಜೊತೆಗೆ ವಿದ್ಯಾಸ್ಥಾನದ ಅರ್ಥವನ್ನೂ ತಳೆದು ಪಳ್ಳಿಕ್ಕೂಡವಾಯಿತು. ಇಂಥ ಪದಗಳನ್ನು ಶಿಕ್ಷಕ ಪಾಠಕ್ಕೆ ಮುನ್ನವೇ ಗುರುತಿಸಿಟ್ಟುಕೊಂಡರೆ ತಪ್ಪಾಗಬಹುದಾದ ಎಡೆಯೇ ಪಾಠದ ಆರಂಭವಾಗಬಲ್ಲದು. ಗುರುತಿಸದಿದ್ದರೆ ಮಗುವಿನ ತಮಿಳು ಅದರ ಕನ್ನಡದ ದೋಷವಾಗಿ ಲೆಕ್ಕಕ್ಕೆ ಬರುತ್ತದೆ. ಕನ್ನಡವೆಂದರೆ ತಾನು ಸದಾ ತಪ್ಪುವ ವಿಷಯವೆಂದು ಒಮ್ಮೆ ತಿಳಿದ ಮಗುವನ್ನು ಕಾಯಿದೆಯ ರಕ್ಷಣೆ ಹಿಂದಕ್ಕೆ ತರಲಾರದು.

7

ಚರಿತ್ರೆ ಇಲ್ಲಿ ಯಾವುದೇ ಹಳೆಯ ಪದ್ಧತಿಯ ಪುನರುತ್ಥಾನವನ್ನು ಬೇಡುವುದಿಲ್ಲ. ಕೂಲಿಮಠದ ಏಟೂ ಜಗುಲಿಯ ಜಾತಿನಿಯಮವೂ ಮರಳಬೇಕಾದವಲ್ಲ. ಪಾಠಟಿಪ್ಪಣಿ ಶಿಕ್ಷಕನಿಗೆ ಕಲಿಸಿದ ಕ್ರಮಬದ್ಧತೆಯೂ ಬಿಡತಕ್ಕದ್ದಲ್ಲ. ಎರಡು ಶತಮಾನಗಳ ದಾಖಲೆ ತೋರಿಸುವುದು ಬಿಟ್ಟುಹೋದ ಒಂದು ಅಂಶವನ್ನು, ಅದನ್ನು ತುಂಬಬಲ್ಲ ಪರಂಪರೆ ಕನ್ನಡದಲ್ಲಿಯೇ ಇದೆ ಎಂಬುದನ್ನು.

ಗಡಿಜಿಲ್ಲೆಗಳ ಶಿಕ್ಷಕರಿಗಾಗಿ ತರಬೇತಿ ರೂಪಿಸುವವರು ಟಿಪ್ಪಣಿಯ ಮೊದಲ ಪುಟಕ್ಕೆ ಮೂರು ಪ್ರಶ್ನೆಗಳನ್ನು ಸೇರಿಸಬಹುದು. ಈ ತರಗತಿಯ ಮಕ್ಕಳು ಮನೆಯಲ್ಲಿ, ಬೀದಿಯಲ್ಲಿ ಆಡುವ ಭಾಷೆಗಳು ಯಾವುವು? ಇಂದಿನ ಪಾಠದ ಯಾವ ಪದಗಳು ಆ ಭಾಷೆಗಳಲ್ಲಿ ನೆರವಿಗೆ ಬರುತ್ತವೆ, ಯಾವುವು ದಾರಿ ತಪ್ಪಿಸುತ್ತವೆ? ಕಲಿತದ್ದನ್ನು ಯಾವ ಮಗು ಯಾವ ಮಗುವಿಗೆ ಹೇಳಿಕೊಡುತ್ತದೆ? ಮೊದಲನೆಯದು ಹರ್ಬಾರ್ಟನ ಪರಂಪರೆ ಕೇಳಿದ ಪ್ರಶ್ನೆ, ಎರಡನೆಯದು ಗಮಕ ವ್ಯಾಖ್ಯಾನಕಾರನದು, ಮೂರನೆಯದು ಚಟ್ಟಾಂಪಿಳ್ಳೈಯ ಕಾಲದ್ದು. ಉತ್ತರಗಳನ್ನು ಪಾಪಿರೆಡ್ಡಿಪಟ್ಟಿಯ ಶಿಕ್ಷಕ ಒಂದು ರೀತಿಯಲ್ಲಿ, ಮಂಜೇಶ್ವರದ ಶಿಕ್ಷಕ ಇನ್ನೊಂದು ರೀತಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ. ಅವುಗಳನ್ನು ಒಂದೆಡೆ ಕಲೆಹಾಕಿದರೆ, ಗಡಿನಾಡಿನ ಬೋಧನೆಯ ಬಗ್ಗೆ 1822ರ ನಮೂನೆ ಕೇಳದೆ ಬಿಟ್ಟ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಬರೆದಂತಾಗುತ್ತದೆ.